ರೂಪಾಯಿಗೆ ಎಪ್ಪತ್ತೈದು ಪೈಸೆ ಸೋರಿಕೆ

ಕಳೆದ ಸಂಚಿಕೆಯಲ್ಲಿ ಯಾರೋ ಮೊಬೈಲ್ ಪರದೆಯ ಕಪ್ಪು ಅಷ್ಟು ಗಾಢವಾಗಿರುವುದು ಹೇಗೆ ಅಂತ ಕೇಳಿದ್ದರು. ಒಎಲ್‌ಇಡಿ ಪರದೆಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದ ಕಡೆ ಚುಕ್ಕೆ ಆರಿರುತ್ತದೆ ಅಂತ ನಾಲ್ಕು ಸಾಲು ಬರೆದೆ. ಅಷ್ಟಕ್ಕೇ ಬಿಡಬೇಕಿತ್ತು. ‘ಹಾಗೆ ಬೆಳಗುವುದು ಸಾವಯವ ಅಣುಗಳು, ಕೊಟ್ಟ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲನ್ನು ಅವು ಪೋಲು ಮಾಡುತ್ತಿದ್ದವು, ಈಗ ಆ ಬುದ್ಧಿ ಬಿಡಿಸಿದ್ದಾರೆ’ ಅಂತ ಕೊನೆಗೊಂದು ಒಗ್ಗರಣೆ ಹಾಕಿದೆ ನೋಡಿ, ಈ ತಿಂಗಳು ಬಂದ ಪತ್ರಗಳೆಲ್ಲ ಆ ಒಗ್ಗರಣೆಯ ಮೇಲೆಯೇ. ಮಂಡ್ಯದ ಓದುಗರೊಬ್ಬರು ‘ಸಾವಯವ ಅಂದರೆ ರಾಸಾಯನಿಕ ಗೊಬ್ಬರ ಹಾಕದ್ದಾ ಮೇಡಂ?’ ಎಂದಿದ್ದಾರೆ. ಇಲ್ಲ ಸ್ವಾಮಿ, ಇಂಗಾಲದ ಸಂಯುಕ್ತ ಅಂತ ಅಷ್ಟೇ ಅರ್ಥ. ಇವುಗಳಲ್ಲಿ ಹಲವಕ್ಕೆ ಮೂಲ ಕಲ್ಲಿದ್ದಲಿನ ಡಾಂಬರು. ನಾನು ಇದೇ ಜಾತಿಯ ಅಣುಗಳನ್ನು ಕಾಯಿಸುತ್ತ, ಸೋಸುತ್ತ ಆರು ವರ್ಷ ಕಳೆದವಳು. ಹಾಗಾಗಿ ಈ ಸಲ ಬೇರೆ ವಿಷಯದ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದೇನೆ.

ಸರಿಯಾಗಿ ಮುಕ್ಕಾಲೇ ಏಕೆ? ಅರ್ಧ ಯಾಕಲ್ಲ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಒಳ್ಳೆ ಪ್ರಶ್ನೆ ಕಣಮ್ಮ. ಪರದೆಯ ಒಂದು ಕಡೆಯಿಂದ ಎಲೆಕ್ಟ್ರಾನ್ ಬರುತ್ತದೆ, ಇನ್ನೊಂದು ಕಡೆಯಿಂದ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ, ಅಂದರೆ ರಂಧ್ರ, ಬರುತ್ತದೆ. ಎರಡೂ ಒಂದು ಅಣುವಿನ ಮೇಲೆ ಕೂಡಿದರೆ ಆ ಅಣು ಉದ್ರಿಕ್ತವಾಗುತ್ತದೆ, ಅಂದರೆ ಶಕ್ತಿ ತುಂಬಿ ಮೇಲಿನ ಮಟ್ಟಕ್ಕೆ ಏರುತ್ತದೆ. ಈಗ ಅಲ್ಲಿ ಜೋಡಿ ತಪ್ಪಿದ ಎರಡು ಎಲೆಕ್ಟ್ರಾನ್‌ಗಳಿರುತ್ತವೆ. ಒಂದೊಂದಕ್ಕೂ ಸ್ಪಿನ್ (ಬುಗುರಿಯ ತಿರುಗಾಟದಂಥ ಒಂದು ಹುಟ್ಟುಗುಣ) ಮೇಲಾದರೂ ಇರಬಹುದು, ಕೆಳಗಾದರೂ ಇರಬಹುದು. ಎರಡು ನಾಣ್ಯ ಚಿಮ್ಮಿದ ಹಾಗೆ ನಾಲ್ಕು ಸಾಧ್ಯತೆ: ಎರಡೂ ಮೇಲೆ, ಎರಡೂ ಕೆಳಗೆ, ಮತ್ತೆ ಒಂದು ಮೇಲೆ ಒಂದು ಕೆಳಗೆ ಇರುವ ಎರಡು ಬಗೆ. ‘ಒಂದು ಮೇಲೆ ಒಂದು ಕೆಳಗೆ’ ಅಂದಮೇಲೆ ಎರಡು ಬಗೆ ಹೇಗೆ ಅಂತೀಯಾ? ಎರಡು ಸ್ಪಿನ್ನೂ ಹೆಜ್ಜೆ ಕೂಡಿ ತಿರುಗುವುದು ಒಂದು ಬಗೆ, ಎದುರು ಹೆಜ್ಜೆಯಲ್ಲಿ ತಿರುಗುವುದು ಇನ್ನೊಂದು. ಹೆಜ್ಜೆ ಕೂಡಿದ್ದು ಮೊದಲಿನ ಎರಡರ ಜೊತೆ ಸೇರಿ ಮೂವರ ಗುಂಪಾಗುತ್ತದೆ. ಅದು ಟ್ರಿಪ್ಲೆಟ್. ಉಳಿದ ಒಂಟಿ ಸಿಂಗ್ಲೆಟ್.

ಕೆಳಗಿಳಿದು ಬೆಳಕು ಕೊಡಬೇಕಾದರೆ ಎರಡೂ ಸ್ಪಿನ್ ವಿರುದ್ಧವಾಗಿ ಜೋಡಿಯಾಗಬೇಕು. ಸಿಂಗ್ಲೆಟ್‌ಗೆ ಅದು ಸಲೀಸು, ಕೆಲವು ನ್ಯಾನೊ ಸೆಕೆಂಡಿನಲ್ಲಿ ಮುಗಿಯುತ್ತದೆ. ಟ್ರಿಪ್ಲೆಟ್‌ಗೆ ಆ ದಾರಿ ಬಂದ್. ಅದು ಕಾಯುತ್ತದೆ, ಕಾಯುತ್ತ ಕಾಯುತ್ತ ಬಿಸಿಯಾಗಿ ಕರಗಿಹೋಗುತ್ತದೆ. ನಾಲ್ಕರಲ್ಲಿ ಮೂರು ಹೀಗೆ ಹೋದವು, ಅಂದರೆ ರೂಪಾಯಿಗೆ ಎಪ್ಪತ್ತೈದು ಪೈಸೆ. ಉಳಿದ ನಾಲ್ಕಾಣೆಯ ಬೆಳಕೂ ಪೂರ್ತಿ ಕಣ್ಣಿಗೆ ಬರುವುದಿಲ್ಲ. ಸಾಮಾನ್ಯ ಗಾಜಿನ ಪರದೆಯಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹಳೆಯ ಬಗೆಯ ಅಣುಗಳಿಗೆ ನೂರಕ್ಕೆ ಐದರ ಆಸುಪಾಸೇ ಗಡಿಯಾಗಿತ್ತು. 1987ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ತೋರಿಸಿದ ಮೊದಲ ಸಮರ್ಥ ಒಎಲ್‌ಇಡಿ ಕೊಟ್ಟದ್ದು ನೂರಕ್ಕೆ ಒಂದು.

ಮಗಳ ಕೋಣೆಯ ಚಾವಣಿಗೆ ಅಂಟಿಸಿದ ನಕ್ಷತ್ರದ ಸ್ಟಿಕರ್ ಕತ್ತಲಲ್ಲಿ ಬೆಳಗುವುದೂ ಇದೇನಾ?
– ಗೃಹಿಣಿ, ಬೀದರ್

ಅಲ್ಲ. ಅದರಲ್ಲಿರುವುದು ಸಾಮಾನ್ಯವಾಗಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಅಥವಾ ಸತುವಿನ ಸಲ್ಫೈಡ್, ಎರಡೂ ಖನಿಜದಂಥ ಹರಳುಗಳು. ಹರಳಿನ ಕುಳಿಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ನಿಧಾನವಾಗಿ ಬಿಡಿಸಿಕೊಂಡು ಬರುವ ಬೆಳಕು ಅದು.

ಟ್ರಿಪ್ಲೆಟ್‌ಗೂ ಸಿಂಗ್ಲೆಟ್‌ಗೂ ನಡುವಿನ ಅಂತರ ಕಡಿಮೆ ಮಾಡಿದರೆ ಮುಗಿಯಿತು ಅಂತ ಎಲ್ಲೋ ಓದಿದೆ. ಅಷ್ಟು ಸುಲಭವಿದ್ದರೆ ನೀಲಿ ಬಣ್ಣ ಇನ್ನೂ ತಲೆನೋವಾಗಿರುವುದೇಕೆ? ಕಂಪ್ಯೂಟರ್‌ಗೆ ಹೇಳಿದರೆ ಒಳ್ಳೆಯ ಅಣುವನ್ನು ಅದೇ ಹುಡುಕಿಕೊಡುವುದಿಲ್ಲವೇ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನೀವು ಓದಿದ್ದು ಅರ್ಧ ಕಥೆ. ಆ ಅರ್ಧವನ್ನು ಮೊದಲು ಮುಗಿಸೋಣ.

ಟ್ರಿಪ್ಲೆಟ್ ಯಾವಾಗಲೂ ಸಿಂಗ್ಲೆಟ್‌ಗಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ. (ಈ ‘ಯಾವಾಗಲೂ’ ಬಗ್ಗೆ ಧಾರವಾಡದವರ ತಕರಾರಿದೆ, ಕೆಳಗೆ ನೋಡಿ.) ಮೆಟ್ಟಿಲು ಗಿಡ್ಡವಾಗಿದ್ದರೆ ಸುತ್ತಲಿನ ಬಿಸಿಯ ಬಲದಿಂದಲೇ ಟ್ರಿಪ್ಲೆಟ್ ಹತ್ತಿ ಬಂದು ಸಿಂಗ್ಲೆಟ್ ಆಗಿ, ತುಸು ತಡವಾಗಿ ಬೆಳಗಬಹುದು. ಇದೇ ಬಿಸಿಯ ಬಲದಿಂದ ತಡವಾಗಿ ಬರುವ ಪ್ರತಿದೀಪ್ತಿ, ಇಂಗ್ಲಿಷಿನ ಚುಟುಕು ಹೆಸರು ಟಿಎಡಿಎಫ್. ಕೋಣೆಯ ಬಿಸಿ ಒಂದು ಅಣುವಿಗೆ ಕೊಡಬಲ್ಲ ಕೈಸಾಲ ಸುಮಾರು 25 ಮಿಲಿ ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಶಕ್ತಿಯನ್ನು ಅಳೆಯುವ ಮಾನ). ಆಂಥ್ರಸೀನ್‌ನಂಥ ಸಾಧಾರಣ ಅಣುವಿನಲ್ಲಿ ಹತ್ತಬೇಕಾದದ್ದು 1,500ರ ಹತ್ತಿರ. ಕೈಸಾಲದಲ್ಲಿ ಮನೆ ಕಟ್ಟಿದ ಹಾಗೆ. ಇದಕ್ಕಿಂತ ಗಿಡ್ಡ ಮೆಟ್ಟಿಲಿನ ಈಯೊಸಿನ್ ಎಂಬ ಬಣ್ಣದಲ್ಲಿ (ಕೆಂಪು ಇಂಕಿಗೂ ಪೆಥಾಲಜಿ ಲ್ಯಾಬಿಗೂ ಬೇಕಾಗುವ ಅದೇ ಈಯೊಸಿನ್) ಈ ತಡವಾದ ಬೆಳಕನ್ನು 1961ರಲ್ಲೇ ಪಾರ್ಕರ್ ಮತ್ತು ಹ್ಯಾಚರ್ಡ್ ವಿವರವಾಗಿ ಬರೆದಿದ್ದರು. ಅದರಿಂದ ದೀಪ ಮಾಡುವ ಯೋಚನೆಗೆ ಬಲ ಬರಲು ಅರ್ಧ ಶತಮಾನ ಹಿಡಿಯಿತು.

ಮೆಟ್ಟಿಲಿನ ಎತ್ತರ ನಿಂತಿರುವುದು ಆ ಎರಡು ಎಲೆಕ್ಟ್ರಾನ್‌ಗಳು ಎಷ್ಟರಮಟ್ಟಿಗೆ ಒಂದೇ ಜಾಗದಲ್ಲಿ ಓಡಾಡುತ್ತವೆ ಎಂಬುದರ ಮೇಲೆ. ಒಂದನ್ನು ಜಗಲಿಯಲ್ಲೂ ಇನ್ನೊಂದನ್ನು ಹಿತ್ತಿಲಲ್ಲೂ ಇಟ್ಟರೆ ಎತ್ತರ ತಾನಾಗಿ ಇಳಿಯುತ್ತದೆ. ಹಾಗಾಗಿ ಅಣುವಿನ ಒಂದು ಕಡೆ ಎಲೆಕ್ಟ್ರಾನ್ ಕೊಡುವ ತುಂಡು, ಇನ್ನೊಂದು ಕಡೆ ಎಳೆದುಕೊಳ್ಳುವ ತುಂಡು, ನಡುವೆ ಒಂದು ತಿರುಚು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಚಿಹಾಯ ಅದಾಚಿ ಅವರ ತಂಡ 2012ರಲ್ಲಿ ಇದನ್ನು ಮಾಡಿ ತೋರಿಸಿತು. ನಡುವೆ ಎಳೆದುಕೊಳ್ಳುವ ತುಂಡಾಗಿ ಎರಡು ಸಯನೈಡ್ ಗುಂಪು ಹೊತ್ತ ಬೆಂಜೀನ್ ಉಂಗುರ, ಸುತ್ತ ಕೊಡುವ ತುಂಡಾಗಿ ನಾಲ್ಕು ಕಾರ್ಬಜೋಲ್. ನಾಲ್ಕಕ್ಕೂ ಚಪ್ಪಟೆ ಮಲಗಲು ಜಾಗ ಸಾಲದೆ ಸುಮಾರು 60 ಡಿಗ್ರಿ ಹೊರಳಿ ನಿಂತಿವೆ, ತುಂಬಿದ ಬಸ್ಸಿನ ಸೀಟಿನಲ್ಲಿ ಭುಜ ಓರೆ ಮಾಡಿ ಕೂರುವವರ ಹಾಗೆ. ಮೆಟ್ಟಿಲು 83 ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯಿತು. ಹಸಿರು ದೀಪದ ದಕ್ಷತೆ ನೂರಕ್ಕೆ ಐದರ ಗಡಿ ದಾಟಿ 19.3ಕ್ಕೆ ಹೋಯಿತು. ಅದಕ್ಕೆ ಮೊದಲು ಈ ಕೆಲಸಕ್ಕೆ ಇರಿಡಿಯಂನಂಥ ದುಬಾರಿ ಲೋಹ ಬೇಕಿತ್ತು.

ನಾನೂ ಆ ಅಣುವನ್ನು ಎಷ್ಟೋ ಸಲ ಮಾಡಿದ್ದೇನೆ. ನೀರಿನಂಶವಿಲ್ಲದ ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಕಾರ್ಬಜೋಲ್ ಕರಗಿಸಿ ಸೋಡಿಯಂ ಹೈಡ್ರೈಡ್ ಹಾಕಿದರೆ ಸೋಡಾ ಬಾಟಲಿ ತೆರೆದ ಹಾಗೆ ನೊರೆ ಏಳುತ್ತದೆ. ಆಮೇಲೆ ನಾಲ್ಕು ಫ್ಲೋರಿನ್ ಇರುವ ಡೈನೈಟ್ರೈಲ್, ಅಂದರೆ ನಡುವಿನ ಆ ಉಂಗುರ. ರಾತ್ರಿಯೆಲ್ಲ ಕಲಕಲು ಬಿಟ್ಟು ಬೆಳಿಗ್ಗೆ ಬಂದರೆ ಫ್ಲಾಸ್ಕಿನಲ್ಲಿ ಹಳದಿ. ಅಷ್ಟು ಸರಳ ಅಡುಗೆ.

ಈಗ ಉಳಿದರ್ಧ. ಬೆಳಕು ಬರಬೇಕಾದರೆ ಜಗಲಿಯವರು ಹಿತ್ತಿಲಿಗೆ ಬರಲೇಬೇಕು. ಅಂತರ ಕಡಿಮೆ ಮಾಡುವ ಹುರುಪಿನಲ್ಲಿ 90 ಡಿಗ್ರಿ ತಿರುಚಿ ನಡುವಿನ ಬಾಗಿಲನ್ನೇ ಮುಚ್ಚಿದರೆ ಟ್ರಿಪ್ಲೆಟ್ ಹತ್ತಿ ಬರುತ್ತದೆ, ಬಂದದ್ದು ಬೆಳಗದೆ ಕೂರುತ್ತದೆ. ನನ್ನ ಮೊದಲ ಸ್ವಂತ ಅಣು ಹೀಗೇ ಆಗಿತ್ತು. ಲೆಕ್ಕದಲ್ಲಿ ಅಂತರ ಹೆಚ್ಚುಕಡಿಮೆ ಸೊನ್ನೆ. ಖುಷಿಯಲ್ಲಿ ದೀಪದ ಕೆಳಗೆ ಹಿಡಿದರೆ ಮಸಿಬಟ್ಟೆಯಷ್ಟು ಬೆಳಕೂ ಇಲ್ಲ.

ಇದಕ್ಕಿಂತ ಸೂಕ್ಷ್ಮದ ತೊಡಕು ಇನ್ನೊಂದಿದೆ, ಲೇಖನಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಮೆಟ್ಟಿಲು ಗಿಡ್ಡವಾದರೆ ಸಾಲದು, ಹತ್ತುವಾಗ ಸ್ಪಿನ್ ತಿರುಗಬೇಕು. ಸ್ಪಿನ್ ತಿರುಗಬೇಕಾದರೆ ಎಲೆಕ್ಟ್ರಾನ್ ಇರುವ ಕಕ್ಷೆಯ ಸ್ವಭಾವವೂ ಜೊತೆಗೆ ಬದಲಾಗಬೇಕು. ಎಲ್-ಸಯದ್ ನಿಯಮ ಅನ್ನುತ್ತಾರೆ. ಮೇಲಿನ ಸಿಂಗ್ಲೆಟ್ಟೂ ಕೆಳಗಿನ ಟ್ರಿಪ್ಲೆಟ್ಟೂ ‘ಕೊಡು-ತಗೋ’ ಬಗೆಯವೇ (ಎಲೆಕ್ಟ್ರಾನ್ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟಿದವು) ಆಗಿದ್ದರೆ ಬದಲಾವಣೆಗೆ ಏನೂ ಇಲ್ಲ, ಸ್ಪಿನ್ ಮಿಸುಕುವುದಿಲ್ಲ. ಮೂರನೆಯವರೊಬ್ಬರು ಬೇಕು: ಅಣುವಿನ ಒಂದೇ ತುಂಡಿನೊಳಗೆ ನಿಂತಿರುವ ಇನ್ನೊಂದು ಟ್ರಿಪ್ಲೆಟ್, ಅದೂ ಅದೇ ಎತ್ತರದಲ್ಲಿ. ಅಣು ಅಲುಗಾಡುವಾಗ ಈ ಎರಡು ಟ್ರಿಪ್ಲೆಟ್‌ಗಳು ಬೆರೆತು ಸ್ಪಿನ್‌ಗೆ ದಾರಿ ಬಿಡುತ್ತವೆ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಗೆ ಬೇಕಾದ ಸೋದರಮಾವ ಬಂದು ಕೂತಮೇಲೆ ಕೆಲಸ ಮುಂದೆ ಹೋಗುವುದಿಲ್ಲವೇ, ಹಾಗೆ.

ಕ್ಯೋಟೊ ವಿಶ್ವವಿದ್ಯಾಲಯದ ಹಿರೊನೊರಿ ಕಾಜಿ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಣು ನನಗೆ ಇವತ್ತಿಗೂ ಮೆಚ್ಚು. ಟ್ರಿಪ್ಟಿಸೀನ್ ಅಂತ ಫ್ಯಾನಿನ ಮೂರು ರೆಕ್ಕೆಯಂತಿರುವ ಗಟ್ಟಿ ಚೌಕಟ್ಟು. ಅದರ ಮೇಲೆ ಕೊಡುವ ತುಂಡು ಮತ್ತು ತಗೊಳ್ಳುವ ತುಂಡನ್ನು ನೇರ ಬೆಸೆಯದೆ, ಎದುರುಬದುರು, ಸ್ವಲ್ಪ ವಾಲಿಸಿ ನಿಲ್ಲಿಸಿದರು. ನಡುವಿನ ದೂರವನ್ನು ಹಿಡಿತದಲ್ಲಿಟ್ಟು ಆ ಮೂರೂ ಮಟ್ಟಗಳನ್ನು ಒಂದೇ ಎತ್ತರಕ್ಕೆ ತಂದರು. ಫಲ, ಟ್ರಿಪ್ಲೆಟ್ ಮೇಲೇರುವ ವೇಗ ಸೆಕೆಂಡಿಗೆ 1.2 ಕೋಟಿ ಸಲದ ಲೆಕ್ಕ. 2012ರ ಆ ಹಳದಿ ಅಣುವಿನದು ಹತ್ತು ಲಕ್ಷದ ಆಸುಪಾಸು. ಭಾರ ಲೋಹ ಒಂದೂ ಇಲ್ಲದೆ ಇಷ್ಟು ಸಾಧಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಸೆಲೆನಿಯಂ ಸೇರಿಸಿ ಇನ್ನೂ ಮೇಲೆ ಹೋದವರಿದ್ದಾರೆ. ತೂಕದ ಪರಮಾಣು ಇದ್ದರೆ ಸ್ಪಿನ್ ಬೇಗ ತಿರುಗುತ್ತದೆ, ಸರಿ. ಆದರೆ ಸೆಲೆನಿಯಂ ಸಂಯುಕ್ತಗಳ ವಾಸನೆ ಒಂದು ಸಲ ಮೂಗಿಗೆ ಹೊಡೆದವರು ಆ ದಾರಿಯನ್ನು ಹೊಗಳುವ ಮೊದಲು ಎರಡು ಸಲ ಯೋಚಿಸುತ್ತಾರೆ. ಕೊಳೆತ ಮೂಲಂಗಿ ಅಂದರೆ ಮೂಲಂಗಿಗೆ ಅವಮಾನ.

ಇಷ್ಟೆಲ್ಲ ವೇಗ ಯಾಕೆ ಅಂದರೆ ನಿಮ್ಮ ನೀಲಿಯ ಪ್ರಶ್ನೆಗೇ ಬಂದೆವು. ಮದುವೆ ಊಟದಲ್ಲಿ ಮುಂದಿನ ಪಂಕ್ತಿಯವರು ಕೂತವರ ಬೆನ್ನ ಹಿಂದೆ ನಿಂತು ಕಾಯುವುದನ್ನು ನೋಡಿದ್ದೀರಲ್ಲ. ಪಂಕ್ತಿ ಬೇಗ ಏಳದಿದ್ದರೆ ಜನ ಒತ್ತರಿಸುತ್ತದೆ, ತಳ್ಳಾಟ ಶುರು. ಕಾಯುವ ಟ್ರಿಪ್ಲೆಟ್‌ಗಳದೂ ಅದೇ ಪಾಡು. ಪರದೆಯ ಪ್ರಖರತೆ ಏರಿಸಿದಂತೆ ಟ್ರಿಪ್ಲೆಟ್ ಟ್ರಿಪ್ಲೆಟ್‌ಗೆ ಡಿಕ್ಕಿ ಹೊಡೆದು, ಒಂದರ ಶಕ್ತಿ ಇನ್ನೊಂದರ ತಲೆಗೆ ಏರುತ್ತದೆ. 460 ನ್ಯಾನೊಮೀಟರ್ ನೀಲಿ ಅಂದರೆ ಒಂದಕ್ಕೆ 2.7 ಎಲೆಕ್ಟ್ರಾನ್ ವೋಲ್ಟ್. ಎರಡು ಸೇರಿದರೆ ಐದೂ ಚಿಲ್ಲರೆ. ಕಾರ್ಬನ್-ನೈಟ್ರೋಜನ್ ಬಂಧ ಮುರಿಯಲು ಅಷ್ಟು ಬೇಕಾಗಿಯೇ ಇಲ್ಲ. ಕೆಂಪಿನಲ್ಲಿ ಶಕ್ತಿ ಕಡಿಮೆ, ಹೊಡೆತ ಬಿದ್ದರೂ ತಡೆದುಕೊಳ್ಳುತ್ತದೆ. ನೀಲಿ ಅಣು ಒಡೆಯುತ್ತದೆ, ಒಡೆದ ಚೂರು ಪಕ್ಕದವರ ಬೆಳಕನ್ನೂ ನುಂಗುತ್ತದೆ. ಕಾಯುವ ಹೊತ್ತನ್ನು ಐದು ಮೈಕ್ರೊ ಸೆಕೆಂಡಿನಿಂದ ಅರ್ಧ ಮೈಕ್ರೊ ಸೆಕೆಂಡಿಗೆ ತಂದರೆ, ಅಷ್ಟೇ ಕರೆಂಟಿಗೆ ಕಾಯುವವರ ಸಂಖ್ಯೆ ಹತ್ತರಲ್ಲೊಂದಾಗುತ್ತದೆ. ಅಂತರ ಎಷ್ಟು ಅನ್ನುವುದಕ್ಕಿಂತ ಎಷ್ಟು ಹೊತ್ತು ಕಾಯಿತು ಅನ್ನುವುದನ್ನು ಕೇಳಿ ಅಂತ ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಬಣ್ಣದ ಶುದ್ಧತೆ ಮತ್ತೊಂದು ರಗಳೆ. ತಿರುಚಿದ ಅಣುಗಳ ಬೆಳಕು ಅಕ್ಕಪಕ್ಕದ ಬಣ್ಣಗಳಿಗೂ ಹರಡಿಕೊಳ್ಳುತ್ತದೆ, ನೀಲಿ ಹಸಿರಿಗೆ ಜಾರುತ್ತದೆ. 2016ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ತಕುಜಿ ಹತಕೆಯಾಮ ಇದಕ್ಕೆ ಬೇರೆಯದೇ ಉಪಾಯ ಹೂಡಿದರು. ಚಪ್ಪಟೆ, ಬಿಗಿ ಉಂಗುರಗಳು. ಬೋರಾನ್ ಎಳೆಯಬೇಕು, ನೈಟ್ರೋಜನ್ ಕೊಡಬೇಕು, ಹಾಗಾಗಿ ಎರಡು ಎಲೆಕ್ಟ್ರಾನ್‌ಗಳು ಒಂದುಬಿಟ್ಟು ಒಂದು ಪರಮಾಣುವಿನ ಮೇಲೆ ಕೂರುತ್ತವೆ. ಒಂದೇ ಮನೆ, ಒಂದೇ ಹಜಾರ, ಆದರೂ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುವುದಿಲ್ಲ. 2019ರ ಅವರ ನ್ಯೂ-ಡಾಬ್ನಾ ಅಣುವಿನ ದೀಪ ಬಣ್ಣದ ಹರವು ಕೇವಲ 18 ನ್ಯಾನೊಮೀಟರ್ ಇರುವ ಅಚ್ಚ ನೀಲಿ ಕೊಟ್ಟಿತು. ಟ್ರಿಪ್ಲೆಟ್ ಏರುವ ವೇಗ ಮಾತ್ರ ಸೆಕೆಂಡಿಗೆ ಎರಡು ಲಕ್ಷ. ಬಣ್ಣ ಸಿಕ್ಕಿತು, ವೇಗ ಕೈಕೊಟ್ಟಿತು. ಈಗ ಹಲವರು ಎರಡು ಅಣುಗಳನ್ನು ಜೊತೆ ಹಾಕುತ್ತಾರೆ: ವೇಗದ್ದು ಟ್ರಿಪ್ಲೆಟ್ ಹಿಡಿದು ಸಿಂಗ್ಲೆಟ್ ಮಾಡಿ ದಾಟಿಸುತ್ತದೆ, ಬಣ್ಣದ್ದು ಬೆಳಗುತ್ತದೆ.

ಇನ್ನು ಕಂಪ್ಯೂಟರ್. 2016ರಲ್ಲಿ ಹಾರ್ವರ್ಡ್‌ನ ತಂಡವೊಂದು 16 ಲಕ್ಷ ಅಣುಗಳನ್ನು ಕಾಗದದ ಮೇಲೆ ಜೋಡಿಸಿ, ನಾಲ್ಕು ಲಕ್ಷಕ್ಕೂ ಹೆಚ್ಚಿನವನ್ನು ಕ್ವಾಂಟಂ ಲೆಕ್ಕಕ್ಕೆ ಹಾಕಿತು. ದೀಪಗಳ ದಕ್ಷತೆ ನೂರಕ್ಕೆ 22ರವರೆಗೆ ಹೋಯಿತು. ಆದರೆ ಕೊನೆಯ ಪಟ್ಟಿಯಿಂದ ‘ಇದನ್ನು ಮಾಡಬಹುದು, ಇದು ಆಗದ ಹೋಗದ ಮಾತು’ ಅಂತ ಆರಿಸಲು ರಸಾಯನಶಾಸ್ತ್ರಜ್ಞರ ಕೈಯಲ್ಲಿ ಮತ ಹಾಕಿಸಿದರು. ನಿಮ್ಮವರು ಬೇಜಾರು ಮಾಡಿಕೊಳ್ಳಬೇಡಿ, ಫ್ಲಾಸ್ಕ್ ತೊಳೆದವರ ಮಾತಿಗೂ ಬೆಲೆ ಇದೆ.

ಟ್ರಿಪ್ಲೆಟ್ ಯಾವಾಗಲೂ ಕೆಳಗೇ ಎಂಬುದು ಹುಂಡ್ ನಿಯಮದ ಮಾತು. ಅದನ್ನು ಮೀರಿದ ಅಣು ಇದೆಯಂತಲ್ಲ, ನಿಜವೇ?
– ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ನಿಜ. ಹೆಪ್ಟಜೀನ್ ಎಂಬ ನೈಟ್ರೋಜನ್ ತುಂಬಿದ ಮೂರುಮೂಲೆ ಅಣು. ಅದರಲ್ಲೂ ಎಲೆಕ್ಟ್ರಾನ್‌ಗಳು ಒಂದುಬಿಟ್ಟು ಒಂದು ಪರಮಾಣುವಿನ ಮೇಲೆಯೇ ಕೂರುವುದರಿಂದ ಟ್ರಿಪ್ಲೆಟ್ಟನ್ನು ಒಂದು ಮೆಟ್ಟಿಲು ಕೆಳಗಿಡುವ ರಿಯಾಯಿತಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಷ್ಟರಲ್ಲಿ ಉಳಿದ ಎಲೆಕ್ಟ್ರಾನ್‌ಗಳು ಸಿಂಗ್ಲೆಟ್‌ಗೇ ಕೊಂಚ ಹೆಚ್ಚು ಆಸರೆಯಾಗಿ ಅದನ್ನು ಕೆಳಗೆ ತಳ್ಳುತ್ತವೆ. ಜಪಾನಿನ ರಿಕೆನ್ ಸಂಸ್ಥೆಯ ತಂಡ 34,596 ಹೆಪ್ಟಜೀನ್‌ಗಳನ್ನು ಲೆಕ್ಕದಲ್ಲಿ ಜಾಲಿಸಿ 2022ರಲ್ಲಿ ಒಂದನ್ನು ಹೊರತಂದಿತು. ಅದರಲ್ಲಿ ಸಿಂಗ್ಲೆಟ್ 11 ಮಿಲಿ ಎಲೆಕ್ಟ್ರಾನ್ ವೋಲ್ಟ್ ಕೆಳಗಿದೆ. ಟ್ರಿಪ್ಲೆಟ್ ಹತ್ತಬೇಕಿಲ್ಲ, ಜಾರಿದರಾಯಿತು. ತಡವಾದ ಬೆಳಕು 217 ನ್ಯಾನೊ ಸೆಕೆಂಡಿನಲ್ಲೇ ಮುಗಿಯುತ್ತದೆ. ಪರೀಕ್ಷೆಯಲ್ಲಿ ಮಾತ್ರ ಹುಂಡ್ ನಿಯಮವನ್ನೇ ಬರಿ ಮಾರಾಯ. ಅದು ಪರಮಾಣುಗಳಿಗೆ ಹೇಳಿದ ನಿಯಮ, ಅಲ್ಲಿ ಸರಿಯಾಗಿಯೇ ನಡೆಯುತ್ತದೆ.

ನಾವು ಮಾಡಿದ ಕಾರ್ಬಜೋಲ್ ಸಂಯುಕ್ತದ ಪುಡಿ ಯುವಿ ಟಾರ್ಚ್ ಆರಿಸಿದ ಮೇಲೂ ಎರಡು ಮೂರು ಸೆಕೆಂಡ್ ಬೆಳಗುತ್ತದೆ. ಇದು ಟಿಎಡಿಎಫ್ ಅಂತ ಬರೆಯಬಹುದೇ?
– ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಬರೆಯಬೇಡಿ! ಟಿಎಡಿಎಫ್‌ನ ತಡ ಸಾಮಾನ್ಯವಾಗಿ ಮೈಕ್ರೊ ಸೆಕೆಂಡಿನ ಲೆಕ್ಕದ್ದು, ಕಣ್ಣಿಗೆ ಗೊತ್ತಾಗುವ ಮಾತೇ ಇಲ್ಲ. ನೀವು ನೋಡುತ್ತಿರುವುದು ಹೆಚ್ಚಾಗಿ ಟ್ರಿಪ್ಲೆಟ್‌ನಿಂದ ನೇರ ಬರುವ ಸ್ಫುರದೀಪ್ತಿ. ದ್ರವ ನೈಟ್ರೋಜನ್‌ನಲ್ಲಿ ತಣ್ಣಗೆ ಮಾಡಿ ನೋಡಿ: ಟಿಎಡಿಎಫ್ ಆದರೆ ಬಿಸಿಯ ಕೈಸಾಲ ನಿಂತು ತಡವಾದ ಬೆಳಕು ಸೊರಗುತ್ತದೆ, ಸ್ಫುರದೀಪ್ತಿಯಾದರೆ ಇನ್ನೂ ಜೋರಾಗುತ್ತದೆ.

ಇನ್ನೊಂದು. ಕಾರ್ಬಜೋಲ್ ಬಾಟಲಿ ಎಲ್ಲಿಂದ ತಂದಿರಿ? ಅಂಗಡಿಯ ಕಾರ್ಬಜೋಲ್‌ನಲ್ಲಿ ಅದರದೇ ದಾಯಾದಿಯಾದ ಬೆಂಜೊಇಂಡೋಲ್ ನೂರಕ್ಕೆ ಅರ್ಧಕ್ಕೂ ಕಡಿಮೆ ಬೆರೆತಿರುತ್ತದೆ. ಮರುಹರಳು ಮಾಡಿದರೂ ಬಿಡುವುದಿಲ್ಲ. ಎಷ್ಟೋ ಪ್ರಬಂಧಗಳಲ್ಲಿ ಹೊಗಳಿಸಿಕೊಂಡ ಆ ದೀರ್ಘ ಬೆಳಕಿಗೆ ಕಾರಣ ಈ ಕಲಬೆರಕೆ ಅಂತ ಸಿಂಗಪುರದ ಬಿನ್ ಲಿಯು ಅವರ ತಂಡ ತೋರಿಸಿಕೊಟ್ಟಿತು. ಅವರು ಕಾರ್ಬಜೋಲನ್ನು ಲ್ಯಾಬಿನಲ್ಲೇ ಹೊಸದಾಗಿ ಕಟ್ಟಿ ಅದೇ ಸಂಯುಕ್ತಗಳನ್ನು ಮಾಡಿದಾಗ ದೀರ್ಘ ಬೆಳಕು ಮಾಯ. ಅದನ್ನು ಓದಿದ ದಿನ ನನ್ನ ಹಳೆಯ ನೋಟ್‌ಬುಕ್ ತೆಗೆದು ಮೂರು ಪುಟಗಳ ಮೇಲೆ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಹಾಕಿದೆ.

ಇದನ್ನು ಪದವಿ ಹುಡುಗರಿಗೆ ಕಣ್ಣಾರೆ ತೋರಿಸಲು ಸಾಧ್ಯವೇ? ನಮ್ಮಲ್ಲಿ ಲೇಸರ್ ಗೀಸರ್ ಏನೂ ಇಲ್ಲ.
– ಕಾಲೇಜು ಅಧ್ಯಾಪಕ, ದಾವಣಗೆರೆ

ಸಾಧ್ಯ ಸರ್. ಆ 2012ರ ಹಳದಿ ಅಣು ರಾಸಾಯನಿಕ ಮಾರುವವರ ಬಳಿ ಸಿಗುತ್ತದೆ, ಬೇರೆ ಪ್ರಯೋಗಗಳಿಗೂ ಜನ ಕೊಳ್ಳುತ್ತಾರೆ. ಚಿಟಿಕೆಗಿಂತ ಕಡಿಮೆ ಸಾಕು. ಟಾಲುವೀನ್‌ನಲ್ಲಿ ಕರಗಿಸಿ, ಎರಡು ಗಾಜಿನ ಸೀಸೆಗೆ ಸಮನಾಗಿ ಹಂಚಿ. ಕೆಲಸವೆಲ್ಲ ಫ್ಯೂಮ್ ಹುಡ್ಡಿನೊಳಗೆ, ಹತ್ತಿರ ಬರ್ನರ್ ಬೇಡ. ಒಂದು ಸೀಸೆ ಹಾಗೇ ಇರಲಿ. ಇನ್ನೊಂದಕ್ಕೆ ಸೂಜಿ ಚುಚ್ಚಬಹುದಾದ ರಬ್ಬರ್ ಮುಚ್ಚಳ, ಅಂದರೆ ಸೆಪ್ಟಮ್, ಹಾಕಿ, ಉದ್ದ ಸೂಜಿಯಲ್ಲಿ ಹತ್ತು ಹದಿನೈದು ನಿಮಿಷ ನೈಟ್ರೋಜನ್ ಗುಳುಗುಳು ಅನಿಸಿ. ಗ್ಯಾಸ್ ಹೊರಹೋಗಲು ಗಿಡ್ಡ ಸೂಜಿ ಒಂದು ಮರೆಯಬೇಡಿ. ದೀಪ ಆರಿಸಿ ಎರಡಕ್ಕೂ ಯುವಿ ಟಾರ್ಚ್ ಹಿಡಿದರೆ ಗಾಳಿ ಕಂಡ ಸೀಸೆ ಮಂಕು, ನೈಟ್ರೋಜನ್ ಸೀಸೆ ಕಣ್ಣು ಕುಕ್ಕುವ ಹಸಿರು. ಗಾಳಿಯ ಆಮ್ಲಜನಕ ತಾನೇ ಟ್ರಿಪ್ಲೆಟ್ ಆದ್ದರಿಂದ ಕಾಯುತ್ತ ನಿಂತ ಟ್ರಿಪ್ಲೆಟ್‌ಗಳನ್ನು ಬಂದು ಬಾಚಿಕೊಳ್ಳುತ್ತದೆ. ಎರಡು ಸೀಸೆಗಳ ನಡುವಿನ ವ್ಯತ್ಯಾಸವೇ ಹತ್ತಿ ಬಂದವರ ಬೆಳಕು.

ಸೆಪ್ಟಮ್ ಹೊಸದಿರಲಿ. ನಾನು ಒಮ್ಮೆ ಮೂರು ದಿನ ಅಣುವನ್ನೇ ಶಪಿಸಿದೆ, ಮತ್ತೆ ಶುದ್ಧ ಮಾಡಿದೆ, ಮತ್ತೆ ಅಳೆದೆ, ಮತ್ತೆ ಮಂಕು. ನಾಲ್ಕನೆಯ ದಿನ ಲ್ಯಾಬಿನ ಅಟೆಂಡರ್ ಮಾಮ ಸೆಪ್ಟಮನ್ನು ಬೆಳಕಿಗೆ ಹಿಡಿದು, ‘ಇದೇನಮ್ಮ, ಜರಡಿ ಇಟ್ಟಿದ್ದೀಯ?’ ಅಂದರು. ಅವತ್ತಿನವರೆಗೆ ಅದಕ್ಕೆ ಎಷ್ಟು ಸಲ ಸೂಜಿ ಚುಚ್ಚಿದ್ದೆನೋ ನನಗೇ ಲೆಕ್ಕವಿರಲಿಲ್ಲ.